ಅಡಿ ಸೀದಿದೆ, ಮೇಲೆ ಹಸಿ: ತೋಟದ ಕೆಂಡದಲ್ಲಿ ಪಿಜ್ಜಾ ಬೇಯಿಸುವುದು ಹೇಗೆ?

ಪ್ರಶ್ನೆ: ಗುಬ್ಬಿ ತಾಲ್ಲೂಕಿನಲ್ಲಿ ನಮ್ಮದೊಂದು ತೆಂಗಿನ ತೋಟ ಇದೆ. ಬೇಸಿಗೆ ರಜೆಗೆ ಅಣ್ಣನ ಮಕ್ಕಳು ಬೆಂಗಳೂರಿನಿಂದ ಬಂದಿದ್ದರು. ತೋಟದಲ್ಲೇ ಬೆಂಕಿ ಹಾಕಿ ಪಿಜ್ಜಾ ಮಾಡೋಣ ಅಂತ 12 ಇಂಚಿನ ಬೀಡಿನ ಪಾತ್ರೆ ತರಿಸಿದೆ. ದಪ್ಪ ಮುಚ್ಚಳ ಇದೆ. ಮುಚ್ಚಳದ ಅಂಚು ಸುತ್ತಲೂ ಒಂದು ಬೆರಳಷ್ಟು ಮೇಲೆದ್ದಿದೆ, ಅದು ಯಾಕೆ ಅಂತ ಗೊತ್ತಾಗಲಿಲ್ಲ. ಇಟ್ಟಿಗೆ ಇಟ್ಟು ಚೆನ್ನಾಗಿ ಉರಿ ಹಾಕಿ ಮಾಡಿದೆ. ಹತ್ತೇ ನಿಮಿಷಕ್ಕೆ ಅಡಿ ಕರ್ರಗೆ ಸೀದು ಹೋಯಿತು. ಮೇಲೆ ಹಿಟ್ಟು ಹಸಿ, ಚೀಸ್ ಮೇಲೆ ನೀರು ನಿಂತಿತ್ತು. ಎರಡನೇ ಸಲ ಉರಿ ಕಮ್ಮಿ ಮಾಡಿದೆ. ಅಡಿ ಬೆಂದಿತು, ಮೇಲೆ ಮಾತ್ರ ಬಿಳಿಚಿಕೊಂಡೇ ಇತ್ತು. ಯೀಸ್ಟ್ ಸರಿ ಇರಲಿಲ್ವಾ? ಪಾತ್ರೆ ಸರಿ ಇಲ್ವಾ? ಮಕ್ಕಳು ಮತ್ತೆ ಬರ್ತಾರೆ, ಅಷ್ಟರಲ್ಲಿ ಕಲಿಯಬೇಕು.

ಉತ್ತರ: ಯೀಸ್ಟೂ ಸರಿ ಇದೆ, ಪಾತ್ರೆಯೂ ಸರಿ ಇದೆ. ಮುಚ್ಚಳದ ಅಂಚು ಯಾಕೆ ಮೇಲೆದ್ದಿದೆ ಅಂತ ಕೇಳಿದ್ದೀರಲ್ಲ, ನಿಮ್ಮ ಉತ್ತರ ಅಲ್ಲೇ ಇದೆ. ಅದು ಕೆಂಡ ಜಾರದಂತೆ ಹಿಡಿಯುವ ಕಟ್ಟೆ. ಆ ಪಾತ್ರೆಯ ಮುಚ್ಚಳದ ಮೇಲೂ ಬೆಂಕಿ ಇರಬೇಕು. ನೀವು ಕೆಳಗೆ ಮಾತ್ರ ಉರಿ ಕೊಟ್ಟಿರಿ.

ನಮಗೆ ಇದು ತಟ್ಟನೆ ಹೊಳೆಯುವುದಿಲ್ಲ. ನಮ್ಮ ಅಡುಗೆಯಲ್ಲಿ ಕಾವು ಕೆಳಗಿನಿಂದಲೇ ಬರುತ್ತದೆ. ರೊಟ್ಟಿ, ದೋಸೆ, ಚಪಾತಿ ಎಲ್ಲವೂ ಹಾಗೇ. ಒಂದು ಕಡೆ ಬೆಂದ ಮೇಲೆ ರೊಟ್ಟಿಯನ್ನು ಮಗುಚುತ್ತೇವೆ, ಇನ್ನೊಂದು ಕಡೆಯೂ ಬೇಯುತ್ತದೆ. ಪಿಜ್ಜಾವನ್ನು ಮಗುಚಲು ಆಗುವುದಿಲ್ಲ. ಮೇಲೆ ಸಾಸ್ ಇದೆ, ಚೀಸ್ ಇದೆ. ಹಾಗಾಗಿ ಅದರ ಮೇಲ್ಭಾಗಕ್ಕೆ ಬೇಕಾದ ಕಾವನ್ನು ನಾವು ಮೇಲಿನಿಂದಲೇ ಕೊಡಬೇಕು. ಇಟಲಿಯ ನೇಪಲ್ಸ್ ಊರಿನ ಸೌದೆ ಒಲೆ ನೋಡಿದರೆ ಇದು ಅರ್ಥವಾಗುತ್ತದೆ. ಅದಕ್ಕೆ ತಗ್ಗಾದ ಗುಮ್ಮಟ ಇರುತ್ತದೆ. ಒಳಗಿನ ಬೆಂಕಿ ಆ ಗುಮ್ಮಟವನ್ನು ನೆಕ್ಕಿಕೊಂಡು ಹೋಗುತ್ತದೆ, ಕಾದ ಗುಮ್ಮಟ ಪಿಜ್ಜಾದ ಮೇಲೆ ಕಾವು ಸುರಿಯುತ್ತದೆ. ಅಲ್ಲಿ ಕಾವು 450 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಪಿಜ್ಜಾ ಒಂದೂವರೆ ನಿಮಿಷದೊಳಗೆ ಆಚೆ ಬರುತ್ತದೆ. ನಿಮ್ಮ ಪಾತ್ರೆಯಲ್ಲಿ ಆ ಗುಮ್ಮಟದ ಕೆಲಸವನ್ನು ಮುಚ್ಚಳ ಮಾಡಬೇಕು.

ನಮ್ಮಲ್ಲೂ ಇದನ್ನು ಬಲ್ಲವರು ಇದ್ದಾರೆ. ತುಮಕೂರಿನಲ್ಲಿ ಮುಸ್ಲಿಮರ ಮದುವೆಗೆ ಬಿರಿಯಾನಿ ಮಾಡುವವರನ್ನು ನೋಡಿ. ದಮ್ ಹಾಕುವಾಗ ಕೆಳಗಿನ ಸೌದೆ ಎಳೆದು, ಕೆಂಡ ಬಾಚಿ ಮುಚ್ಚಳದ ಮೇಲೆ ಹರಡುತ್ತಾರೆ. ನೀವು ಮಾಡಬೇಕಾದ್ದೂ ಅದನ್ನೇ, ಕೆಂಡ ಸ್ವಲ್ಪ ಜಾಸ್ತಿ ಅಷ್ಟೇ.

ಇನ್ನು ಅಡಿ ಸೀದ ಕಾರಣ. ಬೀಡು ಅಂದರೆ ಎರಕದ ಕಬ್ಬಿಣ ಕಾವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಬೇಗ ಹರಡುವುದಿಲ್ಲ. ಆ ವಿಷಯದಲ್ಲಿ ಅಲ್ಯೂಮಿನಿಯಂ ಅದಕ್ಕಿಂತ ಎಷ್ಟೋ ಮೇಲು. ಹಾಗಾಗಿ ಉರಿ ಎಲ್ಲಿ ತಾಗುತ್ತದೋ ಅಲ್ಲಿ ಬೀಡು ಕೆಂಪಾಗುವಷ್ಟು ಕಾಯುತ್ತದೆ, ಒಂದು ಗೇಣು ಆಚೆ ಇನ್ನೂ ತಣ್ಣಗೇ ಇರುತ್ತದೆ. ಹೊಸ ಬೀಡಿನ ಕಾವಲಿಯಲ್ಲಿ ದೋಸೆ ನಡುವೆ ಕಪ್ಪಾಗಿ ಅಂಚು ಬೆಳ್ಳಗೆ ಉಳಿಯುವುದೂ ಇದಕ್ಕೇ ಅಲ್ವಾ? ಪಿಜ್ಜಾಗೆ ಉರಿ ಬೇಡವೇ ಬೇಡ. ಕೆಂಡ ಸಾಕು. ಅದೂ ನಿಗಿನಿಗಿ ಕೆಂಡ ಅಲ್ಲ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಅದು. ಮೇಲೆ ತೆಳುವಾಗಿ ಬಿಳಿ ಬೂದಿ ಕೂತು, ಒಳಗೆ ಕೆಂಪಗಿರುವ ಕೆಂಡ. ಅದರ ಕಾವು ಒಂದೇ ಸಮ ಇರುತ್ತದೆ.

ಕೆಂಡದ ವಿಷಯದಲ್ಲಿ ನೀವು ಪುಣ್ಯವಂತರು. ತೆಂಗಿನ ಕರಟ ನಿಮ್ಮ ಮನೆ ಹಿಂದೆ ರಾಶಿ ಬಿದ್ದಿರುತ್ತದೆ. ಕರಟದ ಕೆಂಡ ಬಹಳ ಬಿಸಿ, ಹೊಗೆ ಕಮ್ಮಿ, ವಾಸನೆಯೂ ಹಿತ. ಒಂದೇ ತೊಂದರೆ: ಬೇಗ ಹತ್ತಿ ಬೇಗ ಬೂದಿಯಾಗುತ್ತದೆ. ಅದಕ್ಕೆ ನಾನು ಯಾವತ್ತೂ ಎರಡನ್ನು ಬೆರೆಸುತ್ತೇನೆ. ಹುಣಸೆ ಅಥವಾ ಜಾಲಿ ಸೌದೆ ನಾಲ್ಕೈದು ತುಂಡು, ಜೊತೆಗೆ ಒಂದು ಮಂಕರಿ ಕರಟ. ಮೊದಲು ಸೌದೆ ಉರಿಸಿ. ಅದು ಕೆಂಡವಾಗುತ್ತಾ ಬಂದಾಗ ಕರಟ ಹಾಕಿ. ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ. ಒಟ್ಟು ಮುಕ್ಕಾಲು ಗಂಟೆ ಬೇಕು. ಆತುರ ಬೇಡ, ಆ ಹೊತ್ತಿನಲ್ಲಿ ಹಿಟ್ಟೂ ಉಬ್ಬುತ್ತಿರುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಸ್ನೇಹಿತರು ರೇಷ್ಮೆ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಬಳಸುತ್ತಾರೆ. ಬೆಂಕಿ ಹತ್ತಿಸಲು ಅದಕ್ಕಿಂತ ಒಳ್ಳೆಯದು ಇಲ್ಲ, ಕೆಂಡಕ್ಕೆ ಮಾತ್ರ ಸಾಲದು. ಶ್ರೀನಿವಾಸಪುರದವರಿಗೆ ಮಾವಿನ ಸೌದೆ ಇದ್ದೇ ಇದೆ. ಕಣಗಲೆ ಕಡ್ಡಿಯನ್ನು ಯಾವ ಕಾರಣಕ್ಕೂ ಒಲೆಗೆ ಹಾಕಬೇಡಿ. ಗಿಡವೇ ವಿಷ, ಅದರ ಹೊಗೆಯೂ ವಿಷ. ಬಣ್ಣ ಹೊಡೆದ ಹಲಗೆ, ಪ್ಲೈವುಡ್ ಕೂಡ ಬೇಡ.

ಕೆಂಡ ಎಷ್ಟು ಅಂತ ಈಗ ನೋಡೋಣ. ಇಂಥ ಪಾತ್ರೆಗಳಿಗೆ ಹಳೆಯ ಒಂದು ಲೆಕ್ಕ ಇದೆ. ಪಾತ್ರೆ ಎಷ್ಟು ಇಂಚು ಅಗಲ ಇದೆಯೋ ಅದರ ಎರಡರಷ್ಟು ಇದ್ದಿಲಿನ ಉಂಡೆ ಹಾಕಿದರೆ ಒಳಗೆ ಸುಮಾರು 175 ಡಿಗ್ರಿ ಬರುತ್ತದೆ. ನಿಮ್ಮದಕ್ಕೆ 24. ಅದು ಕೇಕ್ ಬೇಯುವ ಕಾವು. ಪಿಜ್ಜಾಗೆ 220-230 ಡಿಗ್ರಿ ಆದರೂ ಬೇಕು. ಎರಡು ಉಂಡೆ ಹೆಚ್ಚಿಸಿದರೆ ಸುಮಾರು 14 ಡಿಗ್ರಿ ಏರುತ್ತದೆ, ಹಾಗಾಗಿ ಇನ್ನೊಂದು ಎಂಟು ಸೇರಿಸಿ. ಒಟ್ಟು 32. ಅದರಲ್ಲಿ ಕೆಳಗೆ 10, ಮೇಲೆ 22. ನಿಮ್ಮ ಹತ್ತಿರ ಉಂಡೆ ಇಲ್ಲ, ಕರಟದ ಚೂರು ಇದೆ. ಆಗ ಎಣಿಸುವುದು ಬೇಡ, ಪಾಲು ನೆನಪಿಟ್ಟುಕೊಳ್ಳಿ: ಕೆಳಗೆ ಒಂದು ಪಾಲು, ಮೇಲೆ ಎರಡು ಪಾಲು. ಕೆಂಡದ ಮೇಲೆ ಅರ್ಧ ಗೇಣು ಎತ್ತರದಲ್ಲಿ ಅಂಗೈ ಹಿಡಿಯಿರಿ. ಎರಡು ಮೂರು ಎಣಿಸುವಷ್ಟರಲ್ಲಿ ಕೈ ಎಳೆದುಕೊಂಡರೆ ಕಾವು ಸರಿ ಇದೆ. ಐದಾರು ಎಣಿಸುವವರೆಗೂ ತಡೆದರೆ ಕೆಂಡ ಸಾಲದು.

ಕೆಳಗಿನ ಕೆಂಡವನ್ನು ಬಳೆಯಂತೆ ಜೋಡಿಸಿ. ಪಾತ್ರೆಯ ಅಂಚಿನ ನೇರಕ್ಕೆ ಮಾತ್ರ. ನಡುವೆ ಒಂದು ಕೆಂಡವೂ ಇರಬಾರದು. ಇದೊಂದು ಮಾಡಿದರೆ ಸಾಕು, ಅಡಿ ಸೀಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಮೇಲಿನ ಕೆಂಡವನ್ನೂ ಅಂಚಿನ ಸುತ್ತ ಇಟ್ಟು, ನಡುವೆ ಮೂರ್ನಾಲ್ಕು ಚೂರು ಹಾಕಿ.

ಅಂಚಿಲ್ಲದ ಮುಚ್ಚಳ ಇರುವವರು ಏನು ಮಾಡಬೇಕು ಅಂತ ಬಹಳ ಜನ ಕೇಳುತ್ತಾರೆ. ಗುಂಡಿ ಇರುವ ಕಬ್ಬಿಣದ ತವಾವನ್ನು ಪಾತ್ರೆಯ ಬಾಯಿ ಮೇಲೆ ಅಂಗಾತ ಇಡಿ, ಆ ಗುಂಡಿಯಲ್ಲಿ ಕೆಂಡ ತುಂಬಿ. ಪಾತ್ರೆ ಆಳ ಇದ್ದರೆ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ತಟ್ಟೆ ಮುಚ್ಚಬೇಡಿ, ಕೆಂಡದ ಕೆಳಗೆ ಅದು ಸೊಟ್ಟಗಾಗುತ್ತದೆ, ತೂತೂ ಬೀಳಬಹುದು. ನಾನ್‌ಸ್ಟಿಕ್ ಬೇಡ, 260 ಡಿಗ್ರಿ ದಾಟಿದರೆ ಅದರ ಲೇಪ ಕೆಟ್ಟು ಕೆಟ್ಟ ಹೊಗೆ ಬಿಡುತ್ತದೆ. ಜಿಂಕ್ ಶೀಟಿನ ತುಂಡು ಅಂತೂ ಬೇಡವೇ ಬೇಡ. ಸತುವಿನ ಹೊಗೆ ಕುಡಿದರೆ ಚಳಿ ಜ್ವರ ಬರುತ್ತದೆ.

ಹಿಟ್ಟಿನ ಅಳತೆ ಬರೆಯುತ್ತೇನೆ. 10 ಇಂಚಿನ ಎರಡು ಪಿಜ್ಜಾಗೆ ಮೈದಾ 300 ಗ್ರಾಂ, ಬೆಚ್ಚಗಿನ ನೀರು 190 ಮಿಲಿ, ಇನ್‌ಸ್ಟಂಟ್ ಯೀಸ್ಟ್ 3 ಗ್ರಾಂ ಅಂದರೆ ಒಂದು ಸಣ್ಣ ಚಮಚ, ಉಪ್ಪು 6 ಗ್ರಾಂ, ಸಕ್ಕರೆ ಒಂದು ಸಣ್ಣ ಚಮಚ, ಎಣ್ಣೆ ಒಂದು ದೊಡ್ಡ ಚಮಚ. ನೀರು ಮಗುವಿಗೆ ಸ್ನಾನ ಮಾಡಿಸುವ ಹದದಲ್ಲಿರಲಿ. ಕುದಿ ನೀರಿಗೆ ಯೀಸ್ಟ್ ಸತ್ತೇ ಹೋಗುತ್ತದೆ. ಹತ್ತು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಒಂದು ಗಂಟೆಯಲ್ಲಿ ಎರಡರಷ್ಟಾಗುತ್ತದೆ. ಡಿಸೆಂಬರಿನಲ್ಲಿ ಎರಡು ಗಂಟೆ ಹಿಡಿದೀತು.

ರಾಗಿ ಹಾಕಬಹುದಾ? ಹಾಕಬಹುದು, ನಾನು ಹಾಕುತ್ತೇನೆ. 50 ಗ್ರಾಂ ಮೈದಾ ತೆಗೆದು ಅಷ್ಟೇ ರಾಗಿ ಹಿಟ್ಟು ಸೇರಿಸಿ, ನೀರು ಎರಡು ಚಮಚ ಜಾಸ್ತಿ ಮಾಡಿ. ಅದಕ್ಕಿಂತ ಹೆಚ್ಚು ಬೇಡ. ಹಿಟ್ಟು ರಬ್ಬರಿನಂತೆ ಹಿಗ್ಗಿ ಗಾಳಿ ಹಿಡಿಯಲು ಗ್ಲುಟನ್ ಬೇಕು, ಅದು ರಾಗಿಯಲ್ಲಿ ಇಲ್ಲ. ರಾಗಿ ಹಿಟ್ಟು ಮೊದಲೇ ಕಂದು ಇರುವುದರಿಂದ ಬೆಂದಿದೆಯಾ ಅಂತ ಬಣ್ಣ ನೋಡಿ ಹೇಳಲು ಆಗುವುದಿಲ್ಲ, ಅದು ನೆನಪಿರಲಿ. ರುಚಿ ಮಾತ್ರ ಅದ್ಭುತ. ಸುಟ್ಟ ರಾಗಿ ರೊಟ್ಟಿಯ ಅಂಚಿನ ಘಮ ಬರುತ್ತದೆ.

ಚೀಸ್ ಮೇಲೆ ನೀರು ನಿಂತಿದ್ದಕ್ಕೆ ಕಾರಣ ಬೇರೆ. ಒವನ್‌ನಲ್ಲಿ ಹಬೆ ಹೊರಗೆ ಹೋಗಲು ದಾರಿ ಇರುತ್ತದೆ. ಬೀಡಿನ ಮುಚ್ಚಳ ಭಾರ, ಅದು ಹಬೆಯನ್ನು ಬಿಗಿಯಾಗಿ ಒಳಗೇ ಇಟ್ಟುಕೊಳ್ಳುತ್ತದೆ. ಮುಚ್ಚಳ ತಣ್ಣಗಿದ್ದರೆ ಹಬೆ ಅದಕ್ಕೆ ತಾಗಿ ಹನಿಯಾಗಿ ಚೀಸ್ ಮೇಲೇ ಬೀಳುತ್ತದೆ. ನಿಮಗೆ ಆಗಿದ್ದು ಇದೇ. ಮುಚ್ಚಳ ಕಾದಿದ್ದರೆ ಹನಿ ಕಟ್ಟುವುದೇ ಇಲ್ಲ. ಆದರೂ ಪಾತ್ರೆಯೊಳಗೆ ಹೋಗುವ ನೀರನ್ನು ಮೊದಲೇ ಕಮ್ಮಿ ಮಾಡಿಕೊಳ್ಳಬೇಕು. ಟೊಮೆಟೊದಲ್ಲಿ ನೂರಕ್ಕೆ 94 ಪಾಲು ನೀರು. ಕೋಲಾರದ ಮಾರುಕಟ್ಟೆಯಿಂದ ಬರುವ ದಪ್ಪ ತೊಗಲಿನ ಹೈಬ್ರಿಡ್ ಹಣ್ಣಿನಲ್ಲಿ ತಿರುಳು ಜಾಸ್ತಿ, ಸಾಸ್‌ಗೆ ಅದೇ ಒಳ್ಳೆಯದು. ಸಾರಿಗೆ ಹಾಕುವ ಹುಳಿ ನಾಟಿ ಹಣ್ಣು ಬರೀ ರಸ. ಅರ್ಧ ಕಿಲೋ ಹಣ್ಣನ್ನು ಬೆಳ್ಳುಳ್ಳಿ, ಉಪ್ಪು, ಚಿಟಿಕೆ ಖಾರದ ಪುಡಿ ಹಾಕಿ ಕುದಿಸಿ. ಸೌಟಿನಿಂದ ನಡುವೆ ಗೆರೆ ಎಳೆದರೆ ಆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು, ಅಲ್ಲಿಯವರೆಗೂ ಇಂಗಿಸಿ. ಈ ಕೆಲಸ ಸ್ಟೀಲ್ ಪಾತ್ರೆಯಲ್ಲಿ ಆಗಲಿ. ಬೀಡಿನಲ್ಲಿ ಹುಳಿ ಬಹಳ ಹೊತ್ತು ಕುದಿಸಿದರೆ ಅದರ ಎಣ್ಣೆ ಪದರ ಕಿತ್ತು ಬರುತ್ತದೆ, ಸಾಸ್‌ಗೂ ಕಬ್ಬಿಣದ ಒಗರು ಬರುತ್ತದೆ. ಈರುಳ್ಳಿ, ದಪ್ಪ ಮೆಣಸಿನಕಾಯಿಯನ್ನು ಬಾಣಲೆಯಲ್ಲಿ ಒಂದೆರಡು ನಿಮಿಷ ಬಾಡಿಸಿಕೊಳ್ಳಿ. ಹಸಿಯಾಗಿ ಹಾಕಬೇಡಿ.

ಚೀಸ್ ಅಂದರೆ ಗಟ್ಟಿ ಮೊಝರೆಲ್ಲಾ ತುರಿದು ಹಾಕಿ. ನೀರಿನಲ್ಲಿ ಮುಳುಗಿಸಿ ಮಾರುವ ತಾಜಾ ಮೊಝರೆಲ್ಲಾ ಈ ಪಾತ್ರೆಗೆ ಆಗದು. ಒಂದು ಪಿಜ್ಜಾಗೆ 100 ಗ್ರಾಂ ಸಾಕು. ಮನೆಯ ಪನೀರ್ ಹಾಕಿದರೆ ಕರಗುವುದಿಲ್ಲ ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಪನೀರ್ ಕರಗುವುದೇ ಇಲ್ಲ. ಹುಳಿ ಹಿಂಡಿ ಒಡೆದ ಹಾಲಿನ ಗುಣ ಅದು. ಮೇಲೆ ಚೂರು ಚೂರಾಗಿ ಉದುರಿಸಿಕೊಳ್ಳಿ, ಚೆನ್ನಾಗಿರುತ್ತದೆ, ಆದರೆ ಮೊಝರೆಲ್ಲಾ ಜೊತೆಗೇ ಇರಲಿ.

ಈಗ ಬೇಯಿಸುವ ಹೊತ್ತು. ಇಲ್ಲಿ ನಿಧಾನವಾಗಿ ಓದಿ.

ಖಾಲಿ ಪಾತ್ರೆಯನ್ನು ಕೆಂಡದ ಬಳೆಯ ಮೇಲಿಡಿ. ಕಾಲಿಲ್ಲದ ಪಾತ್ರೆಯಾದರೆ ಮೂರು ಇಟ್ಟಿಗೆ ಚೂರು ಕೊಟ್ಟು ಕೆಂಡಕ್ಕಿಂತ ಎರಡು ಬೆರಳು ಮೇಲೆ ನಿಲ್ಲಿಸಿ. ಮುಚ್ಚಳ ಮುಚ್ಚಿ ಅದರ ಮೇಲೂ ಕೆಂಡ ಹಾಕಿ. ಹತ್ತು ಹದಿನೈದು ನಿಮಿಷ ಹಾಗೇ ಬಿಡಿ. ಮುಚ್ಚಳ ಚೆನ್ನಾಗಿ ಕಾಯಬೇಕು, ಅದಕ್ಕೇ ಇಷ್ಟು ಹೊತ್ತು. ಆಮೇಲೆ ಕೊಕ್ಕೆಯಿಂದ ಮುಚ್ಚಳವನ್ನು ನೇರ ಮೇಲಕ್ಕೆ ಎತ್ತಿ. ಒಂದಿಷ್ಟು ಓರೆಯಾದರೂ ಬೂದಿ ಒಳಗೆ ಸುರಿಯುತ್ತದೆ. ಎತ್ತಿದ ಮುಚ್ಚಳವನ್ನು ಎರಡು ಇಟ್ಟಿಗೆ ಮೇಲಿಡಿ, ನೆಲಕ್ಕೆ ಬೇಡ.

ಪಾತ್ರೆಯ ತಳಕ್ಕೆ ಚಿಟಿಕೆ ಮೈದಾ ಉದುರಿಸಿ ನೋಡಿ. ಮನಸ್ಸಿನಲ್ಲಿ ಮೂವತ್ತು ಎಣಿಸುವಷ್ಟರಲ್ಲಿ ಅದು ಬಿಸ್ಕತ್ತಿನ ಬಣ್ಣಕ್ಕೆ ಬಂದರೆ ಹದ. ಬಿದ್ದ ಕೂಡಲೇ ಕಪ್ಪಾಗಿ ಹೊಗೆ ಎದ್ದರೆ ಪಾತ್ರೆಯನ್ನು ಕೆಂಡದಿಂದ ಇಳಿಸಿ ಎರಡು ನಿಮಿಷ ಕಾಯಿರಿ. ಒಂದು ನಿಮಿಷವಾದರೂ ಬೆಳ್ಳಗೇ ಇದ್ದರೆ ಕೆಳಗೆ ಇನ್ನೂ ಎರಡು ಕೆಂಡ ಬೇಕು. ಆ ಹಿಟ್ಟನ್ನು ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ.

ಹಿಟ್ಟನ್ನು ತಟ್ಟೆಯ ಮೇಲೆ ರವೆ ಉದುರಿಸಿಕೊಂಡು ಕೈಯಲ್ಲೇ ತಟ್ಟಿ. ಲಟ್ಟಣಿಗೆ ಬೇಡ, ಒಳಗಿನ ಗಾಳಿ ಹೋಗುತ್ತದೆ. ಅಂಚು ಸ್ವಲ್ಪ ದಪ್ಪ ಇರಲಿ. ತಟ್ಟೆಯಿಂದ ಜಾರಿಸಿ ಪಾತ್ರೆಯೊಳಗೆ ಬಿಡಿ. ಸಾಸ್, ಚೀಸ್ ಈಗಲೇ ಹಾಕಬೇಡಿ. ಮುಚ್ಚಿ ಮೂರು ನಿಮಿಷ ಹಿಟ್ಟನ್ನೊಂದೇ ಬೇಯಿಸಿ. ತೆಗೆದಾಗ ಅದು ಅಲ್ಲಲ್ಲಿ ಗುಳ್ಳೆ ಎದ್ದು, ಮೇಲೆ ಒಣಗಿದಂತೆ ಕಾಣಬೇಕು. ಆಗ ಪಾತ್ರೆಯನ್ನು ಕೆಂಡದಿಂದ ಆಚೆ ಇಳಿಸಿಕೊಂಡು ಮೂರು ಚಮಚ ಸಾಸ್ ಹರಡಿ, ತರಕಾರಿ, ಚೀಸ್ ಹಾಕಿ, ಮತ್ತೆ ಬಳೆಯ ಮೇಲಿಟ್ಟು ಮುಚ್ಚಿ. ಬಲ್ಲವರು ಎಲ್ಲವನ್ನೂ ಒಟ್ಟಿಗೇ ಹಾಕುತ್ತಾರೆ. ನೀವು ಮೊದಮೊದಲು ಹೀಗೆ ಮಾಡಿ, ಹಸಿ ಉಳಿಯುವ ಭಯ ಇರುವುದಿಲ್ಲ.

ಏಳು ನಿಮಿಷ ಮುಚ್ಚಳ ತೆರೆಯಬೇಡಿ. ಮಕ್ಕಳು ನೋಡೋಣ ನೋಡೋಣ ಅಂತಾರೆ. ಆದರೆ ಒಂದು ಸಲ ತೆರೆದರೆ ಒಳಗಿನ ಕಾವೆಲ್ಲ ಹೋಗುತ್ತದೆ, ಮತ್ತೆ ಬರಲು ಮೂರ್ನಾಲ್ಕು ನಿಮಿಷ ಬೇಕು. ಅಷ್ಟರಲ್ಲಿ ಅಡಿ ಮಾತ್ರ ಬೇಯುತ್ತಾ ಇರುತ್ತದೆ. ನಡುವೆ ಒಂದು ಸಲ ಪಾತ್ರೆಯನ್ನು ಕಾಲು ಸುತ್ತು ಬಲಕ್ಕೆ, ಮುಚ್ಚಳವನ್ನು ತೆರೆಯದೆಯೇ ಕಾಲು ಸುತ್ತು ಎಡಕ್ಕೆ ತಿರುಗಿಸಿ. ಗಾಳಿ ಬೀಸುವ ಕಡೆಯ ಕೆಂಡ ಯಾವಾಗಲೂ ಹೆಚ್ಚು ಕಾದಿರುತ್ತದೆ, ತಿರುಗಿಸಿದರೆ ಎಲ್ಲ ಕಡೆ ಸಮ ಆಗುತ್ತದೆ. ಏಳು ನಿಮಿಷದ ಮೇಲೆ ತೆರೆದಾಗ ಚೀಸ್ ಕರಗಿ ಗುಳುಗುಳು ಅನ್ನುತ್ತಿರಬೇಕು. ಮೇಲೆ ಕಂದು ಚುಕ್ಕೆ ಬಂದಿಲ್ಲ ಅಂದರೆ ಮುಚ್ಚಳದ ಕೆಳಗೆ ಒಂದು ಕಬ್ಬಿಣದ ಮೊಳೆ ಕೊಟ್ಟು ಸಣ್ಣ ಸಂದು ಬಿಡಿ, ಕೆಳಗಿನ ಕೆಂಡವನ್ನೆಲ್ಲ ಎಳೆದು ಮುಚ್ಚಳದ ಮೇಲೆ ಹಾಕಿ. ಸಂದಿಯಿಂದ ಹಬೆ ಹೋಗುತ್ತದೆ, ಮೇಲ್ಭಾಗ ಒಣಗಿ ಬಣ್ಣ ಹಿಡಿಯುತ್ತದೆ. ಇನ್ನು ಮೂರ್ನಾಲ್ಕು ನಿಮಿಷ ಸಾಕು. ಅಂಚಿನ ಕೆಳಗೆ ಚಪ್ಪಟೆ ಸೌಟು ತೂರಿಸಿ ಎತ್ತಿ ನೋಡಿ. ಬಗ್ಗದೆ ಹಲಗೆಯಂತೆ ಎದ್ದು ಬಂದರೆ ಆಯಿತು.

ಎರಡನೇ ಪಿಜ್ಜಾ ಹಾಕುವ ಮೊದಲು ಕೆಂಡ ಹೊಸದು ಮಾಡಿ. ಅಷ್ಟರಲ್ಲಿ ಕರಟದ ಕೆಂಡ ಅರ್ಧ ಬೂದಿಯಾಗಿರುತ್ತದೆ. ಮುಚ್ಚಳದ ಮೇಲಿನ ಬೂದಿಯನ್ನೂ ಗುಡಿಸಿ. ಬೂದಿ ಕಾವನ್ನು ತಡೆಯುತ್ತದೆ. ಪಕ್ಕದಲ್ಲಿ ಬೇರೆ ಬೆಂಕಿಯಲ್ಲಿ ಕರಟ ಉರಿಯುತ್ತಲೇ ಇರಲಿ, ಬೇಕಾದಷ್ಟು ಕೆಂಡ ಅಲ್ಲಿಂದ ತೆಗೆದುಕೊಳ್ಳಬಹುದು. ತಳಕ್ಕೆ ಬಾಳೆ ಎಲೆ ಹಾಕಿದರೆ ಹೇಗೆ ಅಂತ ಒಮ್ಮೆ ಮಾಡಿ ನೋಡಿದ್ದೇನೆ. ಘಮ ಚೆನ್ನಾಗಿತ್ತು, ಅಡಿ ಮಾತ್ರ ಕಡುಬಿನಂತೆ ಮೆತ್ತಗಾಯಿತು. ಗರಿಗರಿ ಬೇಕು ಅಂದರೆ ಹಿಟ್ಟು ನೇರ ಕಬ್ಬಿಣಕ್ಕೇ ತಾಗಬೇಕು.

ಬೆಂಕಿ ಎಲ್ಲಿ ಹಾಕಬೇಕು ಅನ್ನುವುದೂ ಮುಖ್ಯ. ನಮ್ಮ ಕಡೆ ಬಂಡೆ ಕಂಡರೆ ಸಾಕು, ಅದರ ಮೇಲೆ ಒಲೆ ಹೂಡುವ ಮನಸ್ಸಾಗುತ್ತದೆ. ಬೇಡ. ಹಿಂದೆ ಈ ಸೀಮೆಯಲ್ಲಿ ಕಲ್ಲು ಕೆಲಸದವರು ಬಂಡೆಯ ಮೇಲೆ ಬೆಂಕಿ ಹಾಕಿಯೇ ಚಪ್ಪಡಿ ಎಬ್ಬಿಸುತ್ತಿದ್ದರು. ಕಾದ ಪದರ ಹಿಗ್ಗಿ ಕೆಳಗಿನ ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ. ನಿಮ್ಮ ಒಲೆಯ ಕೆಳಗೂ ಅದೇ ಆಗುತ್ತದೆ, ಚೂರು ಸಿಡಿದರೆ ಕಣ್ಣಿಗೆ ಬೀಳುತ್ತದೆ. ಕೆರೆ, ಹಳ್ಳದಿಂದ ತಂದ ಒದ್ದೆ ಕಲ್ಲು ಇನ್ನೂ ಅಪಾಯ. ಬರೀ ಮಣ್ಣಿನ ನೆಲದಲ್ಲಿ ಅರ್ಧ ಅಡಿ ಗುಂಡಿ ತೋಡಿ ಒಲೆ ಮಾಡಿ, ಗಾಳಿಗೂ ಅಡ್ಡ ಆಗುತ್ತದೆ. ಸುತ್ತ ಹತ್ತು ಅಡಿ ಸೋಗೆ, ಗರಿ, ತರಗು ಏನೂ ಇರಬಾರದು. ಎರಡು ಕೊಡ ನೀರು ಪಕ್ಕದಲ್ಲಿರಲಿ. ಮಳೆ ಬಂತು ಅಂತ ಕೆಂಡವನ್ನು ಪಂಪ್‌ಹೌಸ್ ಒಳಗೆ ಒಯ್ಯಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣ ತೆಗೆಯುತ್ತದೆ. ದೇವರಾಯನದುರ್ಗ, ಸಿದ್ದರಬೆಟ್ಟ, ಸ್ಕಂದಗಿರಿಯಂಥ ಜಾಗಕ್ಕೆ ಪಾತ್ರೆ ಹೊತ್ತುಕೊಂಡು ಹೋಗುವ ಆಸೆ ಬಂದರೆ ದಯವಿಟ್ಟು ಬಿಟ್ಟುಬಿಡಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಕಿಡಿ ಸಾಕು, ಒಣ ಹುಲ್ಲಿನ ಬೆಟ್ಟ ಪೂರ್ತಿ ಉರಿದುಹೋಗುತ್ತದೆ.

ಕೊನೆಗೆ ಪಾತ್ರೆಯ ಮಾತು. ನನ್ನ ಮೊದಲ ಬೀಡಿನ ಪಾತ್ರೆ ಒಡೆದಿದ್ದು ಒಂದು ಚೊಂಬು ನೀರಿಗೆ. ಊಟ ಮುಗಿದಿತ್ತು, ಪಾತ್ರೆ ಇನ್ನೂ ಕೆಂಡದ ಪಕ್ಕದಲ್ಲೇ ಇತ್ತು. ಬೇಗ ತೊಳೆದುಬಿಡೋಣ ಅಂತ ಬೋರ್‌ವೆಲ್‌ನ ತಣ್ಣೀರು ಹುಯ್ದೆ. ಟಣ್ ಅಂತ ಸದ್ದಾಯಿತು. ಅಂಚಿನಿಂದ ತಳದವರೆಗೆ ಕೂದಲೆಳೆಯಂಥ ಬಿರುಕು. ಬೀಡು ಬಹಳ ಗಟ್ಟಿ, ಆದರೆ ಬಗ್ಗುವ ಗುಣ ಇಲ್ಲ, ಒಮ್ಮೆಲೇ ತಣ್ಣಗಾದರೆ ಬಿರಿಯುತ್ತದೆ. ಹಾಗಾಗಿ ತಾನಾಗಿ ಆರಲು ಬಿಡಿ. ಅಂಟಿದ್ದನ್ನು ಉಪ್ಪು, ತೆಂಗಿನ ನಾರಿನಿಂದ ಉಜ್ಜಿ. ನೀವು ಮೊದಲ ಸಲ ಸೀಯಿಸಿದ ಕಪ್ಪು ಇನ್ನೂ ತಳದಲ್ಲಿದ್ದರೆ ನೀರು ಹಾಕಿ ಹತ್ತು ನಿಮಿಷ ಕುದಿಸಿ, ಮರದ ಸೌಟಿನಿಂದ ಕೆರೆದರೆ ಬರುತ್ತದೆ. ಆಮೇಲೆ ಒಲೆ ಮೇಲಿಟ್ಟು ಪೂರ್ತಿ ಒಣಗಿಸಿ. ಬಿಸಿ ಇರುವಾಗಲೇ ಒಂದು ಚಮಚ ಎಣ್ಣೆಯನ್ನು ಒಳಗೂ ಹೊರಗೂ ಸವರಿ, ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹೊಳಪು ಉಳಿದರೆ ಸಾಕು, ಜಿಡ್ಡು ಉಳಿಯಬಾರದು. ಕಾವಲಿ ಪಳಗಿಸಿದ ಹಾಗೇ ಇದೂ ಸಲ ಸಲಕ್ಕೆ ಪಳಗುತ್ತದೆ. ಮಕ್ಕಳು ಬರುವುದರೊಳಗೆ ಅದರಲ್ಲಿ ನಾಲ್ಕು ಸಲ ಒಗ್ಗರಣೆ ಹಾಕಿ, ರೊಟ್ಟಿ ಸುಡಿ. ಎತ್ತಿಡುವಾಗ ಪಾತ್ರೆಗೂ ಮುಚ್ಚಳಕ್ಕೂ ನಡುವೆ ಮಡಿಸಿದ ಕಾಗದ ಇಟ್ಟು ಗಾಳಿ ಆಡಲು ಬಿಡಿ. ಬಿಗಿಯಾಗಿ ಮುಚ್ಚಿಟ್ಟರೆ ಮಳೆಗಾಲದಲ್ಲಿ ಒಳಗೆ ತುಕ್ಕು ಹಿಡಿಯುತ್ತದೆ.